ಡಾ. ಲೆಸ್ಲಿ ಕೋಲ್ಮನ್: ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರು

ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಮಹನೀಯರ ಜೀವನ ಚಿತ್ರಗಳು ಬಹಳಷ್ಟು ಬಂದಿವೆ. ದೇಶಕ್ಕಾಗಿ ದುಡಿದವರು, ಶಿಕ್ಷಣ ಸಂಸ್ಥೆಗಳನ್ನು ಕಟ್ಟಿದವರು, ಕವಿಗಳು, ದಾನಿಗಳು. ಈ ಸಲ ನಾನು ಬರೆಯಲು ಹೊರಟಿರುವುದು ಒಬ್ಬ ಕೃಷಿ ವಿಜ್ಞಾನಿಯ ಬಗ್ಗೆ. ಅದಕ್ಕೆ ಕಾರಣವಾದದ್ದು ನನ್ನ ತರಗತಿಯ ಒಬ್ಬ ಹುಡುಗ.

ಅವನ ಮನೆಯವರು ಎರಡು ಎಕರೆ ಗುತ್ತಿಗೆ ಹಿಡಿದು ಟೊಮೆಟೊ ಬೆಳೆಯುತ್ತಾರೆ. ಕಳೆದ ಮಳೆಗಾಲದಲ್ಲಿ ಅವನು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೆ ವಿಚಾರಿಸಿದೆ. ಗಿಡಗಳಿಗೆ ಅಂಗಮಾರಿ ಬಿದ್ದಿತ್ತಂತೆ. ಅಂಗಡಿಯವರು ಕೊಟ್ಟ ಎರಡು ಬಗೆಯ ಔಷಧಿಯನ್ನು ಒಂದೇ ಡ್ರಮ್ಮಿಗೆ ಸುರಿದು, ಬರಿಗೈಯಲ್ಲಿ ಕಲಸಿ, ಅಬ್ಬಾಜಾನ್ ಜೊತೆ ತಾನೂ ಸಿಂಪಡಿಸಿದನಂತೆ. ರಾತ್ರಿಯಿಡೀ ವಾಂತಿ, ತಲೆಸುತ್ತು. ಡಬ್ಬಿಯ ಮೇಲೆ ಏನು ಬರೆದಿತ್ತು ಎಂದು ಕೇಳಿದರೆ ಯಾರೂ ಓದಿರಲಿಲ್ಲ. ಆ ಅಂಗಡಿಯಲ್ಲೂ ಯಾರೂ ಓದಿ ಹೇಳಿರಲಿಲ್ಲ. ಹುಡುಗ ಈಗ ಆರೋಗ್ಯವಾಗಿದ್ದಾನೆ, ದೇವರ ದಯೆ. ಆದರೆ ಅಂದು ಸಂಜೆ ನನಗೆ ಒಂದು ಪ್ರಶ್ನೆ ಕಾಡಿತು. ಬೆಳೆಗೆ ಬರುವ ರೋಗ ಯಾವುದು, ಅದಕ್ಕೆ ಮದ್ದು ಯಾವುದು, ಎಷ್ಟು, ಯಾವಾಗ ಎಂದು ನಮ್ಮ ನಾಡಿನಲ್ಲಿ ಮೊದಲು ಪರೀಕ್ಷೆ ಮಾಡಿ ತಿಳಿದುಕೊಂಡವರು ಯಾರು? ಹುಡುಕುತ್ತಾ ಹೋದಾಗ ಸಿಕ್ಕಿದ ಹೆಸರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ ಅವರು ಹುಟ್ಟಿದ್ದು 1878ರ ಜೂನ್ 16ರಂದು, ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ 1904ರಲ್ಲಿ ಪದವಿ ಪಡೆದರು. ನಂತರ ಜರ್ಮನಿಗೆ ಹೋಗಿ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದರು. ಸೂಕ್ಷ್ಮಜೀವಿಗಳ ವಿಜ್ಞಾನ ಆಗ ಹೊಸದು. ಸಸ್ಯಗಳಿಗೆ ರೋಗ ಬರುವುದು ಕೆಟ್ಟ ಗಾಳಿಯಿಂದಲೂ ಅಲ್ಲ, ಯಾರ ಶಾಪದಿಂದಲೂ ಅಲ್ಲ, ಕಣ್ಣಿಗೆ ಕಾಣದ ಜೀವಿಗಳಿಂದ ಎಂಬುದು ಸ್ಥಿರವಾಗಿ ಹೆಚ್ಚು ಕಾಲ ಆಗಿರಲಿಲ್ಲ.

1908ರಲ್ಲಿ ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಹುದ್ದೆಯ ಹೆಸರೇ ವಿಚಿತ್ರ: ಶಿಲೀಂಧ್ರ ತಜ್ಞ ಮತ್ತು ಕೀಟ ತಜ್ಞ. ಬೂಷ್ಟು ಮತ್ತು ಹುಳ ಎರಡನ್ನೂ ಒಬ್ಬರೇ ನೋಡಿಕೊಳ್ಳಬೇಕು. ಆಗ ಅವರ ವಯಸ್ಸು ಮೂವತ್ತು ಮಾತ್ರ. ಭಾಷೆ ಗೊತ್ತಿಲ್ಲ, ಬೆಳೆ ಗೊತ್ತಿಲ್ಲ. ರಾಗಿ, ಅಡಿಕೆ, ಶ್ರೀಗಂಧ ಇವುಗಳಲ್ಲಿ ಯಾವುದೂ ಕೆನಡಾದಲ್ಲಿ ಬೆಳೆಯುವುದಿಲ್ಲ. ಆ ವೇಳೆಗೆ ಶಿವನಸಮುದ್ರದ ವಿದ್ಯುತ್ತು ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಬಂದು (1902) ಆರು ವರ್ಷಗಳಾಗಿದ್ದವು. ಗಣಿಗೆ ಆಧುನಿಕ ವಿಜ್ಞಾನ ಬಂದಿತ್ತು, ಹೊಲಕ್ಕೆ ಇನ್ನೂ ಬಂದಿರಲಿಲ್ಲ. ಪೂರ್ತಿ ಬಂದಿರಲಿಲ್ಲ ಎನ್ನುವುದು ತಪ್ಪಾದೀತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟಿದ್ದರು. ಅಲ್ಲಿ ಲೇಮನ್ ಎಂಬ ರಸಾಯನ ವಿಜ್ಞಾನಿ ಮಣ್ಣಿನ ಪರೀಕ್ಷೆಗಳನ್ನು ಆರಂಭಿಸಿದ್ದರು. ಕೋಲ್ಮನ್ ಅವರ ಕೆಲಸ ಅದರ ಮೇಲೆಯೇ ನಿಂತಿತು.

ಅವರಿಗೆ ಮೊದಲು ಎದುರಾದದ್ದು ಮಲೆನಾಡಿನ ಅಡಿಕೆಯ ಕೊಳೆರೋಗ. ಮುಂಗಾರು ಜೋರಾದಾಗ ಅಡಿಕೆ ಕಾಯಿಗಳ ಮೇಲೆ ನೀರಿನಲ್ಲಿ ನೆನೆದಂಥ ಕಲೆ ಏಳುತ್ತದೆ, ಬಿಳಿ ಬೂಷ್ಟು ಹಿಡಿಯುತ್ತದೆ, ಕಾಯಿಗಳು ಉದುರುತ್ತವೆ. ಕೆಲವೊಮ್ಮೆ ರೋಗ ಸುಳಿಗೆ ಇಳಿದು ಮರವೇ ಸಾಯುತ್ತದೆ. ರೈತರಿಗೆ ಇದಕ್ಕೆ ತಮ್ಮದೇ ಉಪಾಯವಿತ್ತು. ಅಡಿಕೆ ಹಾಳೆಯಿಂದ ಕೊಟ್ಟೆ ಮಾಡಿ ಗೊನೆಗಳಿಗೆ ಟೋಪಿಯಂತೆ ಕಟ್ಟಿ ಮಳೆ ತಾಗದಂತೆ ಮಾಡುತ್ತಿದ್ದರು. ಉಪಾಯ ಸರಿಯಾದದ್ದೇ, ಏಕೆಂದರೆ ಈ ರೋಗ ಹರಡುವುದು ನೀರಿನಿಂದ. ಆದರೆ ಪ್ರತಿ ಮರ ಹತ್ತಿ ಪ್ರತಿ ಗೊನೆಗೂ ಕೊಟ್ಟೆ ಕಟ್ಟುವುದು ಎಷ್ಟು ಶ್ರಮ, ಎಷ್ಟು ಅಪಾಯ ಎಂದು ಊಹಿಸಿಕೊಳ್ಳಿ.

ಕೋಲ್ಮನ್ ಅವರು ರೋಗಕ್ಕೆ ಕಾರಣವಾದ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದರು. ಅದು ಫೈಟಾಫ್ತೊರ ಎಂಬ ಕುಲಕ್ಕೆ ಸೇರಿದ್ದು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಗಿಡಗಳನ್ನು ನಾಶಮಾಡುವುದು ಎಂದೇ ಅರ್ಥ. ಇದರ ಬೀಜಕಣಗಳು ಎಲೆ ಮತ್ತು ಕಾಯಿಗಳ ಮೇಲಿನ ತೆಳುವಾದ ನೀರಿನ ಪದರದಲ್ಲಿ ಈಜುತ್ತವೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ತಗುಲಿ, ಹತ್ತು ಲಕ್ಷದಷ್ಟು ಜನ ಸಾಯುವುದಕ್ಕೆ ಕಾರಣವಾದದ್ದು ಇದೇ ಕುಲದ ಇನ್ನೊಂದು ಜಾತಿ. ನಮ್ಮ ಕೋಲಾರ, ಮುಳಬಾಗಿಲು ಕಡೆಯ ಟೊಮೆಟೊಗೆ ಮೋಡ ಮುಸುಕಿದ ದಿನಗಳಲ್ಲಿ ಬರುವ ಅಂಗಮಾರಿಯೂ ಆ ಐರ್ಲೆಂಡಿನ ಜಾತಿಯದೇ. ಮಲೆನಾಡಿನ ಅಡಿಕೆ ರೋಗ ನಮಗೇಕೆ ಎಂದು ಕೇಳುವವರಿಗಾಗಿ ಈ ಮಾತು ಬರೆದೆ. ಒಂದೇ ವಂಶದ ಶತ್ರು.

ಮದ್ದಿಗಾಗಿ ಅವರು ಬೋರ್ಡೊ ದ್ರಾವಣವನ್ನು ಆರಿಸಿಕೊಂಡರು. ಇದರ ಕಥೆ ಸ್ವಾರಸ್ಯವಾಗಿದೆ. ಫ್ರಾನ್ಸಿನ ಬೋರ್ಡೊ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ತೋಟದವರು ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಎರಚುತ್ತಿದ್ದರು. ನೋಡಲು ಅಸಹ್ಯವಾದ್ದರಿಂದ ಯಾರೂ ಮುಟ್ಟುತ್ತಿರಲಿಲ್ಲ. ಆದರೆ ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಎಂಬುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆ ಮಾಡಿದ ಉಪಾಯ ರೋಗಕ್ಕೆ ಮದ್ದಾಯಿತು. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್, ನಮ್ಮ ಮನೆಗಳಲ್ಲಿ ಹಿರಿಯರು ನೀಲಾ ಥೋಥಾ ಎನ್ನುವ ಅದೇ ನೀಲಿ ಹರಳು. ಬರೀ ಮೈಲುತುತ್ತ ಹಾಕಿದರೆ ಎಲೆ ಸುಟ್ಟುಹೋಗುತ್ತದೆ. ಸುಣ್ಣ ಸೇರಿದಾಗ ಅದರ ಹುಳಿ ಇಳಿದು, ತಾಮ್ರ ಎಲೆಯ ಮೇಲೆ ತೆಳುವಾದ ಹೊದಿಕೆಯಾಗಿ ಕೂರುತ್ತದೆ. ಮಳೆಹನಿ ಬಿದ್ದಾಗ ಅತಿ ಸ್ವಲ್ಪ ತಾಮ್ರ ಕರಗಿ, ಈಜಿಕೊಂಡು ಬರುವ ಬೀಜಕಣಗಳನ್ನು ಕೊಲ್ಲುತ್ತದೆ.

ಫ್ರಾನ್ಸಿನ ಮಳೆಗೂ ಮಲೆನಾಡಿನ ಮಳೆಗೂ ಹೋಲಿಕೆಯೇ ಇಲ್ಲ. ಅಲ್ಲಿ ನಿಲ್ಲುವ ಮದ್ದು ಇಲ್ಲಿ ಒಂದೇ ದಿನದಲ್ಲಿ ತೊಳೆದುಹೋಗಬಹುದು. ಆದ್ದರಿಂದ ದ್ರಾವಣಕ್ಕೆ ಅಂಟು ಸೇರಿಸಬೇಕಾಯಿತು, ಎತ್ತರದ ಮರದ ಗೊನೆಗೆ ಮುಟ್ಟಿಸುವ ಬಗೆಯನ್ನು ರೂಢಿಗೆ ತರಬೇಕಾಯಿತು, ಮಳೆ ಹಿಡಿಯುವ ಮುಂಚೆಯೇ ಸಿಂಪಡಿಸಬೇಕೆಂದು ತಿಳಿಹೇಳಬೇಕಾಯಿತು. ಇದು ಬಂದ ರೋಗವನ್ನು ವಾಸಿಮಾಡುವ ಮದ್ದಲ್ಲ, ಬಾರದಂತೆ ತಡೆಯುವ ಮದ್ದು. ಈ ವ್ಯತ್ಯಾಸವನ್ನು ಇಂದಿಗೂ ನಮ್ಮ ಎಷ್ಟೋ ರೈತರು ಗಮನಿಸುವುದಿಲ್ಲ. ಕೊಳೆರೋಗದ ಮೇಲಿನ ಅವರ ವರದಿ 1910ರಲ್ಲಿ ಹೊರಬಂತು. ಶತಮಾನ ಕಳೆದರೂ ಮಲೆನಾಡಿನಲ್ಲಿ ಮುಂಗಾರಿನ ಹೊತ್ತಿಗೆ ಔಷಧಿ ಹೊಡೆಯುವುದು ಎಂದರೆ ಮುಖ್ಯವಾಗಿ ಇದೇ ಬೋರ್ಡೊ.

ವಿದ್ಯಾರ್ಥಿಗಳೇ, ಇದರ ತಯಾರಿಕೆಯನ್ನು ವಿಜ್ಞಾನದ ಪಾಠವಾಗಿಯೇ ನೋಡಬಹುದು. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಮಣ್ಣಿನದೋ ಮರದ್ದೋ ಪ್ಲಾಸ್ಟಿಕ್‌ನದೋ ಆಗಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಅದ್ದಿ ನೋಡಬೇಕು. ಚಾಕುವಿನ ಮೇಲೆ ಕೆಂಪು ಲೇಪ ಬಂದರೆ ತಾಮ್ರ ಇನ್ನೂ ಬಿಡುವಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಸಿದ್ಧವಾದ ದ್ರಾವಣವನ್ನು ಅದೇ ದಿನ ಬಳಸಬೇಕು. ಕಬ್ಬಿಣ ತಾಮ್ರವನ್ನು ಅದರ ಲವಣದಿಂದ ಸ್ಥಳಾಂತರಿಸುತ್ತದೆ ಎಂದು ಪ್ರೌಢಶಾಲೆಯ ಪಠ್ಯದಲ್ಲಿ ಓದಿ ಅಂಕ ಪಡೆಯುತ್ತೇವಲ್ಲ, ಅದನ್ನೇ ಅಡಿಕೆ ತೋಟದ ಅಕ್ಷರ ಬಾರದ ಆಳು ಒಂದು ಚಾಕುವಿನಿಂದ ಮಾಡಿ ತೋರಿಸುತ್ತಾನೆ.

ಕೀಟಗಳ ಕಡೆಗೂ ಕೋಲ್ಮನ್ ಅಷ್ಟೇ ಗಮನ ಕೊಟ್ಟರು. ಬಯಲುಸೀಮೆಯ ಜೋಳದ ಹೊಲಗಳನ್ನು ಬೋಳಿಸುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯ ಬದುಕನ್ನು ಮೊಟ್ಟೆಯಿಂದ ಹಿಡಿದು ಅಧ್ಯಯನ ಮಾಡಿ 1911ರಲ್ಲಿ ವರದಿ ಬರೆದರು. ವರ್ಷಕ್ಕೆ ಒಂದೇ ಪೀಳಿಗೆ, ಮೊಟ್ಟೆ ಮಣ್ಣಿನೊಳಗೆ, ಮರಿ ಹೊರಡುವುದು ಮಳೆ ಬಿದ್ದ ಮೇಲೆ. ಇಷ್ಟು ತಿಳಿದರೆ ಯಾವಾಗ ಉಳಬೇಕು, ಯಾವಾಗ ಹಿಡಿಯಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಈ ಕೆಲಸದಲ್ಲಿ ಅವರಿಗೆ ಜೊತೆಯಾದವರು ಕಣ್ಣೂರಿನ ಕಡೆಯಿಂದ ಬಂದ ಕುಂಞಿ ಕಣ್ಣನ್. ಭತ್ತದ ಮಿಡತೆಯ ಮೇಲೆ ಇಬ್ಬರ ಹೆಸರಿನಲ್ಲೂ ವರದಿಯಿದೆ. ಮುಂದೆ ಕುಂಞಿ ಕಣ್ಣನ್ ಅವರೇ ಸಂಸ್ಥಾನದ ಕೀಟ ತಜ್ಞರಾದರು. ಸಹಾಯಕನ ಹೆಸರನ್ನು ಪುಸ್ತಕದ ಮೇಲೆ ಹಾಕುವುದು ಸಣ್ಣ ವಿಷಯವೆಂದು ನನಗೆ ತೋರುವುದಿಲ್ಲ, ಅದೂ ಬಿಳಿಯ ಅಧಿಕಾರಿಗಳ ಆ ಕಾಲದಲ್ಲಿ.

1913ರ ಹೊತ್ತಿಗೆ ಮೈಸೂರಿನಲ್ಲಿ ಪ್ರತ್ಯೇಕ ಕೃಷಿ ಇಲಾಖೆ ರೂಪುಗೊಂಡು ಕೋಲ್ಮನ್ ಅದರ ಮೊದಲ ನಿರ್ದೇಶಕರಾದರು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಹುಟ್ಟಿದ ಮುದ್ದೇನಹಳ್ಳಿ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವವರೆಗೆ ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತು. ಅದೇ 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಮುಂದೆ 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆದದ್ದು ಆ ಬೇರಿನಿಂದಲೇ. ನಮ್ಮ ಕೋಲಾರದ ಟಮಕದಲ್ಲಿರುವ ತೋಟಗಾರಿಕೆ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯ ಮಾವಿನ ಸಂಶೋಧನಾ ಕೇಂದ್ರ, ಇವೆಲ್ಲ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಸ್ಥಾಪಿಸಿದವು. ಆದರೂ ಆ ದಾರಿಯ ಮೊದಲ ಕಲ್ಲು ಹೆಬ್ಬಾಳದಲ್ಲಿದೆ.

ರಾಗಿಯ ವಿಷಯವನ್ನು ನಾವು ಕೋಲಾರದವರು ಬಿಡುವಂತಿಲ್ಲ. ರಾಗಿ ಬಡವರ ಊಟ, ಅದರಲ್ಲಿ ಸಂಶೋಧನೆ ಏನಿದೆ ಎನ್ನುವ ಕಾಲದಲ್ಲಿ ಹೆಬ್ಬಾಳದಲ್ಲಿ ರಾಗಿ ತಳಿಗಳ ಆಯ್ಕೆ ಪ್ರಾರಂಭವಾಯಿತು. ರೈತರ ಹೊಲಗಳ ರಾಗಿಯಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ, ಪ್ರತ್ಯೇಕವಾಗಿ ಬಿತ್ತಿ, ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಿ ಬೇರ್ಪಡಿಸಿದ ತಳಿಗಳಲ್ಲಿ ಎಚ್ 22 ಹೆಸರಾಯಿತು. ಎಚ್ ಎಂದರೆ ಹೆಬ್ಬಾಳ. ಮೈಸೂರಿನ ರಾಗಿ ಬೇಸಾಯದ ಬಗ್ಗೆ ಕೋಲ್ಮನ್ ಅವರೇ 1920ರಲ್ಲಿ ಒಂದು ಪುಸ್ತಿಕೆ ಬರೆದರು. ಆ ಕೆಲಸವನ್ನು ಮುಂದೆ ಮಂಡ್ಯದಲ್ಲಿ ಎತ್ತಿಕೊಂಡವರು ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು. ಅವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವರ ಬಗ್ಗೆ ಬೇರೆ ಲೇಖನವನ್ನೇ ಬರೆಯಬೇಕು. ಇಂದು ನಮ್ಮ ಮನೆಗಳ ಮುದ್ದೆಯಲ್ಲಿ ಇವರೆಲ್ಲರ ಬೆವರಿದೆ.

ಕಾಫಿಗೂ ಅವರ ಇಲಾಖೆ ನೆರವಾಯಿತು. 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಘಟಕ, ನಂತರ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ. ಕಾಫಿಯ ಕಪ್ಪು ಕೊಳೆ ರೋಗದ ಶಿಲೀಂಧ್ರಕ್ಕೆ ವಿಜ್ಞಾನಿಗಳು 1876ರಲ್ಲಿ ಇಟ್ಟ ಹೆಸರಿನಲ್ಲಿ ನಮ್ಮ ಕೊಳೆರೋಗ ಎಂಬ ಕನ್ನಡ ಪದವೇ ಇದೆ. ಕನ್ನಡ ಕಲಿಸುವವನಾಗಿ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ರೇಷ್ಮೆಯೂ ಆ ದಿನಗಳಲ್ಲಿ ಕೃಷಿ ಇಲಾಖೆಯ ಮೇಲ್ವಿಚಾರಣೆಯಲ್ಲೇ ಇತ್ತು.

ಎಲ್ಲದರಲ್ಲೂ ಗೆದ್ದರೆಂದು ಬರೆದರೆ ಅದು ಜೀವನ ಚರಿತ್ರೆ ಆಗುವುದಿಲ್ಲ, ಹೊಗಳಿಕೆ ಆಗುತ್ತದೆ. ಶ್ರೀಗಂಧದ ಮರಗಳನ್ನು ಒಣಗಿಸುವ ಸ್ಪೈಕ್ ರೋಗ ಸಂಸ್ಥಾನದ ಬೊಕ್ಕಸಕ್ಕೇ ಪೆಟ್ಟು ಕೊಡುತ್ತಿತ್ತು. ಎಲೆಗಳು ಚಿಕ್ಕದಾಗಿ, ಗುಚ್ಛವಾಗಿ, ನೆಟ್ಟಗೆ ನಿಲ್ಲುತ್ತವೆ, ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲ. ಕೋಲ್ಮನ್ ಅವರು ರೋಗದ ಮರದ ಕೊಂಬೆಯನ್ನು ಆರೋಗ್ಯವಾದ ಗಿಡಕ್ಕೆ ಕಸಿ ಕಟ್ಟಿ ನೋಡಿದರು. ಆ ಗಿಡಕ್ಕೂ ರೋಗ ಬಂತು. ಅಂದರೆ ಮಣ್ಣಿನ ಕೊರತೆಯಲ್ಲ, ಅಂಟುರೋಗ ಎಂದು 1917ರ ವರದಿಯಲ್ಲಿ ತೋರಿಸಿಕೊಟ್ಟರು. ಆದರೆ ಕಾರಣವಾದ ಜೀವಿ ಅವರ ಕಣ್ಣಿಗೆ ಬೀಳಲಿಲ್ಲ. ಬೀಳುವ ಸಾಧ್ಯತೆಯೂ ಇರಲಿಲ್ಲ. ಅದು ಸಾಮಾನ್ಯ ಬ್ಯಾಕ್ಟೀರಿಯಾಗಿಂತ ಸೂಕ್ಷ್ಮವಾದ, ಇಂದು ಫೈಟೊಪ್ಲಾಸ್ಮ ಎಂದು ಕರೆಯುವ ಜೀವಿ ಎಂದು ತಿಳಿದದ್ದು 1969ರ ಸುಮಾರಿಗೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ನಂತರ. ರೋಗಕ್ಕೆ ಪೂರ್ಣ ಪರಿಹಾರ ಇಂದಿಗೂ ಸಿಕ್ಕಿಲ್ಲ.

ಅವರ ಸೇವೆಯ ಕೊನೆಯ ವರ್ಷಗಳು ಮಂಡ್ಯದಲ್ಲಿ ಕಳೆದವು ಎನ್ನಬಹುದು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದಾಗ ಆ ಒಣ ಭೂಮಿಯ ರೈತರು ಏನು ಬೆಳೆಯಬೇಕು, ಬೆಳೆದದ್ದನ್ನು ಯಾರಿಗೆ ಮಾರಬೇಕು ಎಂಬ ಪ್ರಶ್ನೆ ಎದ್ದಿತು. ಕಬ್ಬು ಬೆಳೆಸಿ, ಪಕ್ಕದಲ್ಲೇ ಸಕ್ಕರೆ ಕಾರ್ಖಾನೆ ಕಟ್ಟುವ ಯೋಜನೆಯಲ್ಲಿ ಕೋಲ್ಮನ್ ಮುಂದಾಳಾದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1934ರ ಜನವರಿಯಲ್ಲಿ ಕಬ್ಬು ಅರೆಯುವುದು ಪ್ರಾರಂಭವಾಯಿತು. ನಮ್ಮಲ್ಲಿ ಮಿರ್ಜಾ ಸಾಹೇಬರನ್ನು ಉದ್ಯಾನಗಳಿಗಾಗಿ, ಬೃಂದಾವನಕ್ಕಾಗಿ ಹೊಗಳುತ್ತಾರೆ. ತಜ್ಞನ ಮಾತನ್ನು ಕೇಳಿ ಹಣ ಒದಗಿಸಿದ ಆಡಳಿತಗಾರ ಎಂದೂ ಅವರನ್ನು ನೆನೆಯಬೇಕು. ಮಾರುಕಟ್ಟೆ ಇಲ್ಲದೆ ಬೆಳೆ ಹೇಳಿಕೊಡುವುದು ಅರ್ಧ ಕೆಲಸ ಎಂಬುದು, ಟೊಮೆಟೊ ಬೆಲೆ ಕುಸಿದಾಗ ರಸ್ತೆಗೆ ಸುರಿಯುವುದನ್ನು ಕಂಡಿರುವ ನಮ್ಮ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅದೇ 1934ರಲ್ಲಿ ಕೋಲ್ಮನ್ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಕಾಲು ಶತಮಾನಕ್ಕೂ ಹೆಚ್ಚು ಕಾಲದ ನಂಟು. ನಿವೃತ್ತಿಯ ನಂತರವೂ ಸುಮ್ಮನೆ ಕೂರದೆ ಸಸ್ಯಗಳ ವೈರಾಣುಗಳ ಮೇಲೆ ಸಂಶೋಧನೆ ಮುಂದುವರಿಸಿದರು. ಶ್ರೀಗಂಧದ ಸೋಲು ಅವರನ್ನು ಅತ್ತ ಎಳೆದಿರಬಹುದೆಂದು ನನ್ನ ಊಹೆ. 1954ರ ಸೆಪ್ಟೆಂಬರ್ 14ರಂದು ತೀರಿಕೊಂಡರು.

ಈ ಲೇಖನಕ್ಕಾಗಿ ಓದುತ್ತಿದ್ದಾಗ ನನಗೆ ಪದೇ ಪದೇ ಅನ್ನಿಸಿದ್ದು ಒಂದು. ಕೋಲ್ಮನ್ ಅವರ ಕಾಲದಲ್ಲಿ ಮದ್ದು ಕಡಿಮೆ ಇತ್ತು, ಪರೀಕ್ಷೆ ಹೆಚ್ಚು ಇತ್ತು. ನಮ್ಮ ಕಾಲದಲ್ಲಿ ಅಂಗಡಿಯ ತುಂಬ ಮದ್ದಿದೆ, ಪರೀಕ್ಷೆಯ ತಾಳ್ಮೆ ಇಲ್ಲ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದೆಂದು ಹೆಮ್ಮೆಪಡುತ್ತೇವೆ. ಅಲ್ಲಿಂದ ಲಾರಿ ಹತ್ತುವ ಹಣ್ಣಿಗೆ ಕೊನೆಯ ಸಿಂಪಡಣೆ ಆಗಿ ಎಷ್ಟು ದಿನವಾಯಿತು ಎಂದು ಎಷ್ಟು ಮಂದಿ ಲೆಕ್ಕ ಇಡುತ್ತಾರೆ? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬಂದು ಅಂತರ್ಜಲ ಏರಿದೆ, ರೈತರು ಸಂತೋಷಪಟ್ಟಿದ್ದಾರೆ. ಅದೇ ಸಮಯದಲ್ಲಿ ಆ ನೀರಿನ ಗುಣಮಟ್ಟದ ಬಗ್ಗೆ ವಾದ ನ್ಯಾಯಾಲಯದವರೆಗೂ ಹೋಗಿದೆ. ಇಂಥ ವಿಷಯದಲ್ಲಿ ಪರವಾಗಿ ಕೂಗುವುದಕ್ಕೂ ವಿರೋಧವಾಗಿ ಕೂಗುವುದಕ್ಕೂ ಮೊದಲು ನೀರು, ಮಣ್ಣು, ಸೊಪ್ಪು ಮೂರನ್ನೂ ವರ್ಷಗಟ್ಟಲೆ ಪರೀಕ್ಷಿಸುವವರು ಬೇಕು. ಅವರು ಹೊರಗಿನಿಂದಲೇ ಏಕೆ ಬರಬೇಕು? ನಮ್ಮ ಸಮಾಜದ ಮಕ್ಕಳು ಎಂಜಿನಿಯರಿಂಗ್, ಮೆಡಿಕಲ್ ಎರಡನ್ನೇ ವಿದ್ಯೆ ಎಂದುಕೊಂಡಿದ್ದಾರೆ. ತಂದೆ ತಾಯಿ ಮಾವಿನ ತೋಪು ಗುತ್ತಿಗೆ ಹಿಡಿಯುವವರು, ರೇಷ್ಮೆ ನೂಲು ತೆಗೆಯುವವರು, ತರಕಾರಿ ಮಂಡಿಯವರು. ಆದರೆ ಬಿ.ಎಸ್ಸಿ. ಕೃಷಿ ಎಂದರೆ ಮುಖ ತಿರುಗಿಸುತ್ತಾರೆ. ಆ ಮನೆಗಳ ಮಕ್ಕಳಿಗೆ ಬೆಳೆಯ ಅನುಭವ ಹುಟ್ಟಿನಿಂದಲೇ ಇದೆ ಎಂಬುದನ್ನು ನಮ್ಮ ಸಂಘದ ವಿದ್ಯಾರ್ಥಿವೇತನ ಸಮಿತಿಯ ಹಿರಿಯರು ದಯವಿಟ್ಟು ಗಮನಿಸಬೇಕು.

ಕೋಲ್ಮನ್ ಅವರ ಹೆಸರು ಒಂದು ವಿಚಿತ್ರ ಜಾಗದಲ್ಲಿ ಉಳಿದಿದೆ. ಅವರು ಅಧ್ಯಯನ ಮಾಡಿದ ಆ ರೆಕ್ಕೆಯಿಲ್ಲದ ಜೋಳದ ಮಿಡತೆಯ ಕುಲಕ್ಕೆ ಸ್ಪೇನಿನ ಕೀಟ ವಿಜ್ಞಾನಿ ಬೊಲಿವಾರ್ 1910ರಲ್ಲಿ ಕೋಲ್ಮೇನಿಯಾ ಎಂದು ಹೆಸರಿಟ್ಟರು. ನಮ್ಮ ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಕ್ಕರು. ಆ ಹುಡುಗನೂ ನಕ್ಕ. ಮರುದಿನ ಅವನು ಮನೆಯಿಂದ ಒಂದು ಖಾಲಿ ಔಷಧಿ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ. ಡಬ್ಬಿಯ ಮೇಲಿನ ತ್ರಿಕೋನ ಗುರುತನ್ನು ಎಲ್ಲರಿಗೂ ತೋರಿಸಿದೆ: ಕೆಂಪು ಇದ್ದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಕಡಿಮೆ ಎಂದರೆ ಇಲ್ಲ ಎಂದಲ್ಲ. ಅವನು ತಂದ ಡಬ್ಬಿಯ ಮೇಲಿದ್ದದ್ದು ಹಳದಿ. ಮಕ್ಕಳೆಲ್ಲ ಸಾಬೂನು ಹಚ್ಚಿ ಕೈ ತೊಳೆದುಕೊಂಡ ಮೇಲೆ ಉರ್ದು ಪಾಠಕ್ಕೆ ಕೂತೆವು.